‘ಮನ್ಯಾಗ ಕೇಳಿ ಹೇಳ್ತೀನ್ರಿ’ ಅಂದವರು ಸುಮ್ಮನಾದಾಗ: ಹೋಮ್ ಪಾರ್ಟಿ ಮಾರಾಟದಲ್ಲಿ ಕುಗ್ಗದೆ ನಡೆಯಲು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಮನೆಗಳಲ್ಲಿ ಪಾರ್ಟಿ ಇಟ್ಟು ಡಬ್ಬಿ, ಪಾತ್ರೆ, ಕ್ರೀಮು ಮಾರುವ ಹೆಣ್ಣುಮಕ್ಕಳ ಜೊತೆ ಕೂತರೆ ಒಂದೇ ದೂರು ಮತ್ತೆ ಮತ್ತೆ ಕೇಳುತ್ತದೆ. ಮಾರಾಟ ಹೇಗೋ ನಡೆಯುತ್ತದೆ. ತಮ್ಮ ಕೆಳಗೆ ಮಾರುವವರ ಟೀಮಿಗೆ ಹೊಸಬರನ್ನು ಸೇರಿಸೋದು ಆಗುತ್ತಿಲ್ಲ. ಒಬ್ಬರು ‘ನೋಡೋಣ್ರಿ’ ಅಂತಾರೆ. ಇನ್ನೊಬ್ಬರು ಫೋನ್ ಎತ್ತೋದಿಲ್ಲ. ಸೇರಿದ ಒಬ್ಬಾಕೆಯೂ ಎರಡು ತಿಂಗಳಿಗೆ ಬಿಟ್ಟು ಹೋಗುತ್ತಾಳೆ. ಆಮೇಲೆ ಕ್ಯಾಟಲಾಗು ಅಲಮಾರಿ ಮೇಲೆ ಸೇರುತ್ತದೆ.

ಹೀಗೆ ಕುಗ್ಗಿದವರು ಹೆಚ್ಚಿನಂಶ ಒಂದೇ ತಪ್ಪು ಮಾಡಿರುತ್ತಾರೆ. ಮೊದಲು ಇನ್ನೊಬ್ಬರನ್ನು ಕೇಳಲು ಓಡುತ್ತಾರೆ. ಲೆಕ್ಕ ಆಮೇಲೆ ನೋಡುತ್ತಾರೆ, ಇಲ್ಲವೇ ನೋಡುವುದೇ ಇಲ್ಲ. ಇದನ್ನು ತಿರುಗಿಸಬೇಕು. ಮೊದಲು ನಿಲ್ಲಬೇಕು, ಆಮೇಲೆ ಲೆಕ್ಕ, ಆಮೇಲೆ ಕಂಪನಿಯ ಪರೀಕ್ಷೆ, ಆಮೇಲೆ ಬರೀ ಮಾರಾಟ. ಸೇರಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ನಡುವಿನದನ್ನು ಹಾರಿಸಿದರೆ ಮುಂದಿನದು ಕೆಲಸ ಮಾಡುವುದಿಲ್ಲ.

ಶುರು ಮಾಡುವ ಮುಂಚೆ ಇವು ಕೈಯಲ್ಲಿರಲಿ

ಒಂದು 200 ಪುಟದ ನೋಟ್‌ಬುಕ್. ಗೋಡೆಗೆ ಹಾಕುವ ಪಂಚಾಂಗದ ಕ್ಯಾಲೆಂಡರ್. ಕಂಪನಿ ಜೊತೆ ಮಾಡಿಕೊಂಡ ಕರಾರಿನ ಪ್ರತಿ. ಗುರುತಿನ ಚೀಟಿ. ಮನೆಯಲ್ಲಿ ಮಾರಾಟವಾಗದೆ ಉಳಿದ ಸಾಮಾನಿನ ಪಟ್ಟಿ, ಬಿಲ್ಲಿನ ಸಮೇತ. ಕಳೆದ ಮೂರು ತಿಂಗಳ ಫೋನ್‌ಪೇ ಅಥವಾ ಬ್ಯಾಂಕ್ ಲೆಕ್ಕ.

ಇವೆಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಮನುಷ್ಯ ಬೇಕು. ಅಕ್ಕ, ತಂಗಿ, ಪಕ್ಕದ ಮನೆ ಟೀಚರ್, ಯಾರಾದರೂ ಸರಿ. ಅವರು ನಿಮ್ಮ ಟೀಮಿನಲ್ಲಿ ಇರಬಾರದು. ನೀವು ಸೇರಿಸಬೇಕು ಅಂತ ಕಣ್ಣಿಟ್ಟವರೂ ಆಗಿರಬಾರದು. ಅಪ್‌ಲೈನ್, ಅಂದರೆ ನಿಮ್ಮನ್ನು ಈ ಕೆಲಸಕ್ಕೆ ಸೇರಿಸಿದವರು, ಎಷ್ಟೇ ಒಳ್ಳೆಯವರಿದ್ದರೂ ಈ ಕೆಲಸಕ್ಕೆ ಬೇಡ. ನೀವು ಮುಂದುವರಿದರೆ ಅವರಿಗೆ ಲಾಭವಿದೆ. ಹಾಗಾಗಿ ‘ಬಿಡಬೇಕಾ?’ ಅಂತ ನೀವು ಕೇಳಿದಾಗ ಅವರ ಉತ್ತರ ನಿಮಗೆ ಪೂರ್ತಿ ಸಹಾಯ ಮಾಡುವುದಿಲ್ಲ.

ಹಂತ 1: ಮೂರು ದಿನ ಯಾರನ್ನೂ ಕೇಳಬೇಡಿ

‘ಇಲ್ಲ’ ಅನ್ನಿಸಿಕೊಂಡ ದಿನವೇ ಇನ್ನೊಬ್ಬರಿಗೆ ಫೋನ್ ಮಾಡಬೇಡಿ. ಮನಸ್ಸು ನೊಂದಿರುವಾಗ ದನಿಯಲ್ಲಿ ಅವಸರ ಬರುತ್ತದೆ. ಕೇಳುವವರಿಗೆ ಅದು ತಕ್ಷಣ ತಿಳಿಯುತ್ತದೆ. ನಾನು ಶುರುವಿನಲ್ಲಿ ಇದನ್ನು ಮಾಡಿ ಒಂದೇ ವಾರದಲ್ಲಿ ನಾಲ್ವರು ಗೆಳತಿಯರ ಮನೆಗೆ ಹೋಗಲಾಗದ ಹಾಗೆ ಮಾಡಿಕೊಂಡಿದ್ದೆ. ಅವರಲ್ಲಿ ಇಬ್ಬರ ಜೊತೆ ಮಾತು ಸರಿಹೋಗಲು ಒಂದು ವರ್ಷ ಹಿಡಿಯಿತು.

ಈ ಮೂರು ದಿನ ಬಾಕಿ ಇರುವ ಆರ್ಡರ್ ತಲುಪಿಸಿ. ಹಳೆ ಗಿರಾಕಿಯ ಡಬ್ಬಿ ಮುಚ್ಚಳ ಸರಿ ಕೂರುತ್ತಿಲ್ಲ ಅಂದಿದ್ದರೆ ಅದನ್ನು ಬದಲಿಸಿ ಕೊಡಿ. ಟೀಮಿನ ಗ್ರೂಪ್ ಮೆಸೇಜುಗಳನ್ನು ಮ್ಯೂಟ್ ಮಾಡಿ. ಬೇರೆಯವರ ‘ಈ ತಿಂಗಳು ಐದು ಜಾಯಿನಿಂಗ್’ ಅನ್ನುವ ಫೋಟೋ ಈಗ ನಿಮಗೆ ಒಳ್ಳೆಯದು ಮಾಡುವುದಿಲ್ಲ.

ಸಾಮಾನ್ಯ ತಪ್ಪು: ರಾತ್ರಿ ಹನ್ನೊಂದಕ್ಕೆ ‘ಇಲ್ಲ’ ಅಂದಾಕೆಗೆ ಉದ್ದ ಮೆಸೇಜು ಬರೆಯುವುದು. ನಮ್ಮ ಓಣಿಗಳಲ್ಲಿ ಆಕೆ ನಾಳೆ ನೀರು ಬಿಡುವ ಹೊತ್ತಿಗೆ ಸಿಗುತ್ತಾಳೆ, ಸೋಮವಾರ ಶರಣಬಸವೇಶ್ವರ ಗುಡಿಯಲ್ಲಿ ಸಿಗುತ್ತಾಳೆ. ಆ ಮೆಸೇಜು ಅಷ್ಟರೊಳಗೆ ನಾಲ್ಕು ಮನೆ ತಿರುಗಿರುತ್ತದೆ.

ಎಚ್ಚರಿಕೆಯ ಗುರುತು: ತಿಂಗಳ ಕೊನೆ ಹತ್ತಿರ ಬಂತು, ಯಾರೂ ಸೇರಲಿಲ್ಲ, ಟಾರ್ಗೆಟ್ ತುಂಬಲು ನೀವೇ ಸಾಮಾನು ಕೊಳ್ಳೋಣ ಅಂತ ಅನ್ನಿಸುತ್ತಿದ್ದರೆ ಅಲ್ಲೇ ನಿಲ್ಲಿ. ಈ ವ್ಯಾಪಾರದಲ್ಲಿ ಹೆಣ್ಣುಮಕ್ಕಳ ಬಂಗಾರ ಗಿರವಿಗೆ ಹೋಗುವುದು ಹೆಚ್ಚಾಗಿ ಹೀಗೆ ಶುರುವಾದ ಖರೀದಿಯಿಂದಲೇ.

ಹಂತ 2: ಲೆಕ್ಕ ಬರೆಯಿರಿ, ಮಾರಾಟ ಬೇರೆ, ಜಾಯಿನಿಂಗ್ ಬೇರೆ

ನೋಟ್‌ಬುಕ್ಕಿನ ಎಡಗಡೆ ಪುಟ ಮಾರಾಟಕ್ಕೆ, ಬಲಗಡೆ ಪುಟ ಸೇರಿಸುವ ಪ್ರಯತ್ನಕ್ಕೆ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಬಲಗಡೆಯ ಸೋಲು ಎಡಗಡೆಯ ಗೆಲುವನ್ನೂ ನುಂಗುತ್ತದೆ. ‘ನನ್ನ ಕೈಯಲ್ಲಿ ಏನೂ ಆಗೋದಿಲ್ಲ’ ಅಂತ ಅತ್ತ ಹಲವರ ಪುಸ್ತಕ ತೆಗೆದು ನೋಡಿದ್ದೇನೆ. ಅವರ ಮಾರಾಟ ಚೆನ್ನಾಗಿಯೇ ಇತ್ತು.

ಒಂದು ಪಾರ್ಟಿಯ ಲೆಕ್ಕ ಹೀಗೆ ಬರೆಯಿರಿ. ಒಂಬತ್ತು ಜನ ಬಂದರು. ಒಟ್ಟು ಮಾರಾಟ 4,800 ರೂಪಾಯಿ. ನಿಮ್ಮ ಪಾಲು ನೂರಕ್ಕೆ 20 ಅಂತ ಇಟ್ಟುಕೊಳ್ಳಿ, 960 ರೂಪಾಯಿ. ಖರ್ಚು ನೋಡಿ: ಸುಸ್ಲಾ, ಮಿರ್ಚಿ, ಚಹಾ 150. ಆಟೋ 120. ಮನೆಯಾಕೆಗೆ ಕೊಟ್ಟ ಉಡುಗೊರೆ 200. ಡೆಮೋಗೆ ಬಳಸಿದ ಸಾಮಾನು 60. ಒಟ್ಟು 530. ಉಳಿದದ್ದು 430. ಕರೆಯುವುದು, ಹೋಗುವುದು, ಆಮೇಲೆ ಸಾಮಾನು ಹಂಚುವುದು ಎಲ್ಲ ಸೇರಿ ಐದು ಗಂಟೆ. ಅಂದರೆ ಗಂಟೆಗೆ 86 ರೂಪಾಯಿ.

ಈ 86 ಅನ್ನುವ ಸಂಖ್ಯೆ ನಿಮ್ಮದು. ಅದನ್ನು 100ಕ್ಕೆ ಏರಿಸಲು ಏನು ಮಾಡಬೇಕು ಅಂತ ನೀವೇ ಯೋಚಿಸಬಹುದು. ಒಂದೇ ಓಣಿಯಲ್ಲಿ ಎರಡು ಪಾರ್ಟಿಯ ಸಾಮಾನು ಒಮ್ಮೆಗೇ ಹಂಚಿದರೆ ಆಟೋ ಖರ್ಚು ಅರ್ಧ ಆಗುತ್ತದೆ. ಶಹಾಬಾದಿಗೋ ಚಿತ್ತಾಪುರಕ್ಕೋ ಹೋಗುವುದಿದ್ದರೆ ಆಧಾರ್ ಇಟ್ಟುಕೊಂಡು ಸರ್ಕಾರಿ ಬಸ್ಸು ಹತ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಯಾರು ಸೇರುತ್ತಾರೆ, ಯಾರು ಸೇರೋದಿಲ್ಲ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಈ ಗಂಟೆಯ ಲೆಕ್ಕ ನಿಮ್ಮ ಕೈಯಲ್ಲಿದೆ. ಮತ್ತೆ ಧೈರ್ಯ ಬರುವುದು ಇಲ್ಲಿಂದ.

ಸಾಮಾನ್ಯ ತಪ್ಪುಗಳು: ಒಟ್ಟು ಮಾರಾಟವನ್ನೇ ಗಳಿಕೆ ಅಂದುಕೊಳ್ಳುವುದು. ನೀವೇ ಕೊಂಡದ್ದನ್ನು ಮಾರಾಟದಲ್ಲಿ ಸೇರಿಸುವುದು. ಮೂರನೆಯದು ನಮ್ಮ ಕಡೆ ಬಹಳ: ಉದ್ರಿಯನ್ನು ಆದಾಯ ಅಂತ ಬರೆಯುವುದು. ‘ತೊಗರಿ ಬಂದ ಮ್ಯಾಲ ಕೊಡ್ತೀನಿ’ ಅಂದದ್ದು ಪ್ರೀತಿಯ ಮಾತೇ. ಆದರೆ ದುಡ್ಡು ಕೈಗೆ ಬರುವ ತನಕ ಅದು ಬೇರೆ ಪುಟದಲ್ಲಿರಲಿ.

ಎಚ್ಚರಿಕೆಯ ಗುರುತು: ಮೂರು ತಿಂಗಳಲ್ಲಿ ಕಂಪನಿಗೆ ಕೊಟ್ಟದ್ದು ಹೆಚ್ಚು, ಗಿರಾಕಿಯಿಂದ ಬಂದದ್ದು ಕಡಿಮೆ ಇದ್ದರೆ ನಿಮ್ಮ ನೋವಿನ ಕಾರಣ ಜಾಯಿನಿಂಗ್ ಅಲ್ಲವೇ ಅಲ್ಲ. ಹೊಸ ಸಾಮಾನು ತರಿಸುವುದನ್ನು ಇಂದೇ ನಿಲ್ಲಿಸಿ.

ಹಂತ 3: ಪ್ರತಿ ‘ಇಲ್ಲ’ದ ಮುಂದೆ ಅದರ ಕಾರಣ ಬರೆಯಿರಿ

ಈಗ ಬಲಗಡೆ ಪುಟ. ಕಳೆದ ಮೂರು ತಿಂಗಳಲ್ಲಿ ಯಾರ್‍ಯಾರನ್ನು ಕೇಳಿದಿರಿ, ಅವರು ಏನಂದರು, ಅವರದ್ದೇ ಮಾತಿನಲ್ಲಿ ಬರೆಯಿರಿ. ನೀವು ಅರ್ಥ ಮಾಡಿಕೊಂಡದ್ದನ್ನು ಬರೆಯಬೇಡಿ. ‘ಆಕೆಗೆ ನಾನು ಇಷ್ಟ ಇಲ್ಲ’ ಅಂತ ಯಾರೂ ಹೇಳಿರುವುದಿಲ್ಲ. ಅದು ನಮ್ಮ ತಲೆಯೊಳಗೆ ಬೆಳೆದದ್ದು.

ನಮ್ಮ ಭಾಗದಲ್ಲಿ ಅತಿ ಹೆಚ್ಚು ಸಿಗುವ ಉತ್ತರ ‘ಮನ್ಯಾಗ ಕೇಳಿ ಹೇಳ್ತೀನ್ರಿ’. ಇದಕ್ಕೆ ಮೂರು ಅರ್ಥ ಇರಬಹುದು. ನಿಜವಾಗಿಯೂ ಯಜಮಾನರನ್ನೋ ಅತ್ತೆಯನ್ನೋ ಕೇಳಬೇಕಾಗಿದೆ. ಇಲ್ಲವೇ ತನಗೇ ಬೇಡವಾಗಿದೆ, ನಿಮ್ಮ ಮುಖದ ಮೇಲೆ ಹೇಳಲಾಗದೆ ಮನೆಯವರ ಹೆಸರು ಹೇಳುತ್ತಿದ್ದಾಳೆ. ಇಲ್ಲವೇ ಆಸೆ ಇದೆ, ಭಯವೂ ಇದೆ. ಯಾವುದು ಅಂತ ತಿಳಿಯಲು ಒಂದೇ ಸಲ, ಮೆತ್ತಗೆ ಕೇಳಿ: ‘ಮನೆಯವರು ಏನು ಕೇಳ್ತಾರ ಅನ್ನಿಸ್ತದ ಅಕ್ಕಾ?’ ನಿಜವಾಗಿ ಕೇಳುವವಳು ತಕ್ಷಣ ಹೇಳುತ್ತಾಳೆ: ಎಷ್ಟು ದುಡ್ಡು ಹಾಕಬೇಕು, ಎಷ್ಟೊತ್ತಿಗೆ ಮನೆಗೆ ಬರ್ತೀ, ಯಾರ ಮನೆಗೆ ಹೋಗ್ತೀ. ಆ ಮೂರಕ್ಕೂ ಉತ್ತರ ಒಂದು ಹಾಳೆಯಲ್ಲಿ ಬರೆದು ಕೊಡಿ. ಬೇಡವಾದವಳು ‘ಏನೇನೋ ಕೇಳ್ತಾರ್ರಿ’ ಅಂದು ಮಾತು ತಿರುಗಿಸುತ್ತಾಳೆ. ಅದು ಪೂರ್ತಿ ‘ಇಲ್ಲ’. ಗೌರವದಿಂದ ತೆಗೆದುಕೊಂಡು ಚಹಾ ಕುಡಿದು ಎದ್ದುಬನ್ನಿ.

ಎರಡನೆಯದು ಮೋಸ ಹೋದವರ ‘ಇಲ್ಲ’. ಇದನ್ನು ಬಹಳ ಜೋಪಾನವಾಗಿ ನೋಡಬೇಕು. ಚೀಟಿಯಲ್ಲಿ, ದುಪ್ಪಟ್ಟು ಮಾಡಿ ಕೊಡ್ತೀವಿ ಅನ್ನುವ ಸ್ಕೀಮಿನಲ್ಲಿ ದುಡ್ಡು ಕಳೆದುಕೊಂಡ ಕುಟುಂಬಗಳು ಬೀದರ್, ಯಾದಗಿರಿ, ಕಲಬುರಗಿ ಎಲ್ಲ ಕಡೆ ಇವೆ. ಅಂಥ ಮನೆಯಲ್ಲಿ ‘ಟೀಮ್’, ‘ಜಾಯಿನಿಂಗ್’ ಅನ್ನುವ ಮಾತು ಕೇಳಿದರೆ ಸಾಕು, ಹೆದರುತ್ತಾರೆ. ಅವರ ಹೆದರಿಕೆ ಸರಿಯಾದದ್ದು. ‘ನಮ್ಮದು ಹಾಗಲ್ಲ’ ಅಂತ ವಾದ ಮಾಡಬೇಡಿ. ಅವರನ್ನು ಗಿರಾಕಿಯಾಗಿ ಮಾತ್ರ ಇಟ್ಟುಕೊಳ್ಳಿ, ಸೇರಿಸುವ ಪಟ್ಟಿಯಿಂದ ಹೆಸರು ಹೊಡೆದುಹಾಕಿ.

ದುಡ್ಡಿಲ್ಲ, ಟೈಮಿಲ್ಲ ಅನ್ನುವವರು ಬಹುಪಾಲು ನಿಜವನ್ನೇ ಹೇಳುತ್ತಾರೆ. ನಂಬಿ. ಗೃಹಲಕ್ಷ್ಮಿಯ 2,000 ರೂಪಾಯಿ ತೋರಿಸಿ ‘ಅದನ್ನೇ ಹಾಕ್ರಿ’ ಅಂತ ಹೇಳುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಆ ದುಡ್ಡು ಮಗುವಿನ ಫೀಸು, ಅತ್ತೆಯ ಬಿಪಿ ಗುಳಿಗೆ, ಗ್ಯಾಸ್ ಸಿಲಿಂಡರ್ ಆಗಿರುತ್ತದೆ.

ಇನ್ನು ಉತ್ತರವೇ ಕೊಡದವರು. ಎರಡು ಸಲ ಫೋನ್, ಒಂದು ಮೆಸೇಜು, ಅಷ್ಟೇ. ಆಮೇಲೆ ಪುಸ್ತಕದಲ್ಲಿ ‘ಮುಗಿಯಿತು’ ಅಂತ ಬರೆಯಿರಿ. ಬರೆಯದೇ ಇದ್ದರೆ ಆ ಹೆಸರು ತಿಂಗಳುಗಟ್ಟಲೆ ಮನಸ್ಸಿನಲ್ಲಿ ತೂಗುತ್ತಿರುತ್ತದೆ.

ಎಲ್ಲ ಬರೆದ ಮೇಲೆ ಒಂದು ಸಂಗತಿ ಕಾಣುತ್ತದೆ. ಬಹಳಷ್ಟು ‘ಇಲ್ಲ’ಗಳು ನಿಮಗೆ ಹೇಳಿದ್ದಲ್ಲ. ಆಕೆಯ ಮನೆ, ಆಕೆಯ ದುಡ್ಡು, ಆಕೆಯ ಹಳೆ ಗಾಯ, ಇವುಗಳಿಂದ ಬಂದದ್ದು. ನಿಮ್ಮಿಂದಲೇ ಬಂದ ‘ಇಲ್ಲ’ ಒಂದೋ ಎರಡೋ ಇರುತ್ತವೆ: ಅವಸರ ಮಾಡಿದ್ದು, ಗಳಿಕೆ ಹೆಚ್ಚು ಮಾಡಿ ಹೇಳಿದ್ದು, ಎಲ್ಲರ ಮುಂದೆ ಕೇಳಿ ಮುಜುಗರ ಮಾಡಿದ್ದು. ಅವನ್ನು ಗುರುತು ಹಾಕಿ. ತಿದ್ದಬೇಕಾದದ್ದು ಅಷ್ಟನ್ನೇ.

ಹಂತ 4: ಕಂಪನಿಯನ್ನು ಪರೀಕ್ಷೆ ಮಾಡಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ನನಗೆ ಇದರ ಬಗ್ಗೆ ಬಹಳ ಕಾಳಜಿ ಇದೆ. ತಪ್ಪಾದ ಕೆಲಸದಲ್ಲಿ ಹುಮ್ಮಸ್ಸು ಹೆಚ್ಚಾದಷ್ಟೂ ನಷ್ಟ ದೊಡ್ಡದಾಗುತ್ತದೆ. ಅದಕ್ಕೇ ‘ನಾನು ಇನ್ನೂ ಗಟ್ಟಿಯಾಗಬೇಕು’ ಅಂದುಕೊಳ್ಳುವ ಮುಂಚೆ, ಜನ ಬೇಡ ಅನ್ನುತ್ತಿರುವುದು ಸರಿಯೇ ಇರಬಹುದಾ ಅಂತ ನೋಡಿ.

ಅಂಗಡಿ ಇಲ್ಲದೆ ಗಿರಾಕಿಗೇ ಮಾರುವ ಇಂಥ ನೇರ ಮಾರಾಟಕ್ಕೆ ಕೇಂದ್ರ ಸರ್ಕಾರದ ನಿಯಮಗಳಿವೆ. ಗ್ರಾಹಕರ ರಕ್ಷಣೆ ನೇರ ಮಾರಾಟ ನಿಯಮಗಳು ಅಂತ 2021ರ ಡಿಸೆಂಬರ್‌ನಲ್ಲಿ ಬಂದವು. ಅದರಲ್ಲಿ ನಿಮಗೆ ಬೇಕಾದದ್ದು ಇಷ್ಟು.

ಸೇರಲು ಪ್ರವೇಶ ಶುಲ್ಕ ಕೇಳುವಂತಿಲ್ಲ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಬರುವ ಪಿರಮಿಡ್ ಸ್ಕೀಮು, ಹಣ ತಿರುಗಿಸುವ ಸ್ಕೀಮು ನಡೆಸುವಂತಿಲ್ಲ. ‘ನೀವು ಕೊಳ್ಳಿ, ಇನ್ನಿಬ್ಬರನ್ನು ಕರೆತಂದರೆ ನಿಮ್ಮ ದುಡ್ಡು ವಾಪಸ್ ಆಗುತ್ತದೆ’ ಅಂತ ಹೇಳಿ ಮಾರುವಂತಿಲ್ಲ. ನಿಮ್ಮ ಜೊತೆ ಬರಹದಲ್ಲಿ ಕರಾರು ಇರಬೇಕು. ಕರಾರಾದ ಮೇಲೆ ಒಂದಷ್ಟು ದಿನ, ದಂಡವಿಲ್ಲದೆ ಹಿಂದೆ ಸರಿಯುವ ಅವಕಾಶ ಇರಬೇಕು. ಉಳಿದ ಸಾಮಾನು ವಾಪಸ್ ಕೊಳ್ಳುವ ವ್ಯವಸ್ಥೆ ಇರಬೇಕು. ಎಷ್ಟು ದಿನ, ಯಾವ ಷರತ್ತು ಅನ್ನೋದು ನಿಮ್ಮ ಕರಾರಿನಲ್ಲೇ ಸಿಗುತ್ತದೆ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಡಿ. ನೀವೂ ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ.

ಈಗ ಒಂದು ಸಾದಾ ಪರೀಕ್ಷೆ. ಮುಂದಿನ ಆರು ತಿಂಗಳು ಒಬ್ಬರೂ ಸೇರುವುದಿಲ್ಲ ಅಂತ ಇಟ್ಟುಕೊಳ್ಳಿ. ಬರೀ ಮಾರಾಟದಿಂದ ನಿಮಗೆ ಏನಾದರೂ ಉಳಿಯುತ್ತದಾ? ಉಳಿಯುವುದಾದರೆ ಮುಂದಿನ ಹಂತಕ್ಕೆ ಹೋಗಿ. ಏನೂ ಉಳಿಯದಿದ್ದರೆ ನೇರವಾಗಿ ಹಂತ 9ರ ಕೊನೆಯಲ್ಲಿರುವ ‘ಬಿಡುವುದಾದರೆ’ ಅನ್ನುವ ಭಾಗಕ್ಕೆ ಹೋಗಿ.

ಎಚ್ಚರಿಕೆಯ ಗುರುತುಗಳು: ಮೀಟಿಂಗಿನಲ್ಲಿ ಸಾಮಾನಿನ ಮಾತು ಐದು ನಿಮಿಷ, ಕಾರು ಬಂಗಲೆಯ ಮಾತು ಒಂದು ತಾಸು. ಕರಾರಿನ ಪ್ರತಿ ಕೇಳಿದರೆ ‘ಆಮೇಲೆ ಕೊಡ್ತೀವಿ’. ಸಾಲ ತೆಗೆದು ಶುರುವಿನ ಸಾಮಾನಿನ ಕಿಟ್ ತಗೊಳ್ಳಿ ಅನ್ನುವುದು. ಗಂಡನಿಗೆ ಹೇಳಬೇಡಿ ಅನ್ನುವುದು. ಅದೇ ಸಾಮಾನು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಗುವುದು. ಇವುಗಳಲ್ಲಿ ಎರಡು ಕಂಡರೂ ಹೊಸಬರನ್ನು ಸೇರಿಸುವುದು ನಿಲ್ಲಿಸಿ. ನಿಮ್ಮನ್ನು ನಂಬಿ ಬರುವಾಕೆಯ ದುಡ್ಡು ಅದು.

ಹಂತ 5: ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಗುರುತು ಹಾಕಿ

ಎಷ್ಟೋ ಸೋಲುಗಳಿಗೆ ಕಾರಣ ತಪ್ಪು ತಿಂಗಳು. ಬೆಂಗಳೂರಿನ ತರಬೇತಿಯವರು ಹೇಳುವ ವೇಳಾಪಟ್ಟಿ ನಮಗೆ ಹೊಂದುವುದಿಲ್ಲ.

ಕಲಬುರಗಿಯಲ್ಲಿ ತೊಗರಿ ಕೊಯ್ಲು ಡಿಸೆಂಬರ್, ಜನವರಿಗೆ. ಗಂಜ್‌ಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಮಾಲು ಹೋಗಿ ಮನೆಗೆ ದುಡ್ಡು ಬರುವುದು ಆಮೇಲೆ. ಹಳ್ಳಿಯ ನಂಟಿರುವ ಮನೆಗಳಲ್ಲಿ ಫೆಬ್ರವರಿ ಒಳ್ಳೆಯ ತಿಂಗಳು. ಬೀದರ್ ಕಡೆ ಹೆಸರು, ಉದ್ದು ಮೊದಲು ಬಂದು, ಸೋಯಾ ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಅಲ್ಲಿ ದೀಪಾವಳಿಯ ಮುಂಚೆಯೇ ಕೈ ಸ್ವಲ್ಪ ಸಡಿಲ. ಯಾದಗಿರಿಯ ಶಹಾಪುರ, ಸುರಪುರ ಕಡೆ ಹತ್ತಿ ಮತ್ತು ಕಾಲುವೆ ನೀರಿನ ಭತ್ತ. ಮಳೆ ಕೈಕೊಟ್ಟ ಹಳ್ಳಿಗಳಲ್ಲಿ ಕುಟುಂಬಗಳೇ ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗಿಬಿಡುತ್ತವೆ. ಅಲ್ಲಿ ಸೇರಿಸಿದಾಕೆ ಊರಲ್ಲೇ ಇಲ್ಲ ಅಂದರೆ ಅದು ಆಕೆಯ ತಪ್ಪಲ್ಲ, ನಿಮ್ಮದೂ ಅಲ್ಲ. ವಾಡಿ, ಸೇಡಂನಂಥ ಸಿಮೆಂಟ್ ಊರುಗಳಲ್ಲಿ ಬೆಳೆಗಿಂತ ಸಂಬಳದ ದಿನ ಮುಖ್ಯ. ಅಲ್ಲಿ ತಿಂಗಳ ಮೊದಲ ವಾರ ನೋಡಿ.

ಬೇಸಿಗೆ ದೊಡ್ಡ ಅಡ್ಡಿ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲ. ಇನ್ನೊಂದು ಸಂಗತಿ ಹೊಸಬರಿಗೆ ಹೊಳೆಯೋದಿಲ್ಲ. ಆ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ. ಯಜಮಾನರು ಊಟಕ್ಕೆ ಬಂದು ಹಾಲ್‌ನಲ್ಲಿ ಕೂಲರ್ ಮುಂದೆ ಮಲಗಿರುತ್ತಾರೆ. ಮೂರು ಗಂಟೆಗೆ ಆ ಮನೆಯಲ್ಲಿ ಹತ್ತು ಹೆಂಗಸರನ್ನು ಕೂರಿಸುವುದು ಹೇಗೆ ಸಾಧ್ಯ ಹೇಳಿ? ಸಂಜೆ 5.30ಕ್ಕೆ ಮಾಡಿ, ಇಲ್ಲವೇ ಬೆಳಿಗ್ಗೆ 10ಕ್ಕೆ.

ರಂಜಾನ್ ತಿಂಗಳಲ್ಲಿ ಮುಸ್ಲಿಂ ಗೆಳತಿಯರ ಮನೆಗೆ ಸಂಜೆ ಹೋಗಬೇಡಿ, ಅವರು ಇಫ್ತಾರ್ ತಯಾರಿಯಲ್ಲಿರುತ್ತಾರೆ. ಎಳ್ಳಮಾವಾಸ್ಯೆ ದಿನ ಎಲ್ಲರೂ ಹೊಲದಲ್ಲಿ. ಹೋಳಿಯಾದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯ ವಾರ ನಗರದ ಮನೆಗಳಲ್ಲಿ ನೆಂಟರು. ಮಾರ್ಚ್ ಪರೀಕ್ಷೆ, ಜೂನ್ ಶಾಲೆ ಫೀಸು. ಇವನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದರೆ ಉಳಿಯುವ ದಿನಗಳು ನಿಮ್ಮವು. ಆ ಕೆಂಪು ದಿನಗಳಲ್ಲಿ ಬಂದ ‘ಇಲ್ಲ’ಗಳನ್ನು ಹಂತ 3ರ ಪುಟಕ್ಕೆ ಹೋಗಿ ನೋಡಿ. ಎಷ್ಟೋ ಹೆಸರುಗಳ ಪಕ್ಕ ‘ತಪ್ಪು ಹೊತ್ತು’ ಅಂತ ಬರೆಯಬೇಕಾಗುತ್ತದೆ.

ಹಂತ 6: ನಾಲ್ಕು ಪಾರ್ಟಿ, ಜಾಯಿನಿಂಗ್ ಮಾತೇ ಇಲ್ಲದೆ

ಈಗ ಹೊರಗೆ ಹೊರಡಿ. ಆದರೆ ನಾಲ್ಕು ಪಾರ್ಟಿ ಮುಗಿಯುವ ತನಕ ಸೇರುವ ಮಾತು ಬಾಯಿಂದ ಬರಬಾರದು. ಕುಗ್ಗಿದ ಮನಸ್ಸಿಗೆ ಇದು ಒಳ್ಳೆಯ ಔಷಧಿ. ‘ಈಕೆ ಸೇರ್ತಾಳಾ’ ಅಂತ ಲೆಕ್ಕ ಹಾಕುವುದು ತಪ್ಪಿದಾಗ ಎದುರಿಗೆ ಕೂತವರ ಮುಖ ಸರಿಯಾಗಿ ಕಾಣುತ್ತದೆ.

ಮನೆಯಾಕೆಯನ್ನು ಆರಿಸುವಾಗ ದೊಡ್ಡ ಮನೆ ನೋಡಬೇಡಿ. ನಾಲ್ಕು ಜನ ಸಲೀಸಾಗಿ ಬಂದುಹೋಗುವ ಮನೆ ನೋಡಿ. 12 ಜನರನ್ನು ಕರೆಯಿರಿ, ಎಂಟು ಬಂದರೆ ಚೆನ್ನಾಯಿತು. ಒಂದೂಕಾಲು ತಾಸಿನಲ್ಲಿ ಮುಗಿಸಿ. ಹೇಳಿದ ಹೊತ್ತಿಗೆ ಎದ್ದರೆ ಅತ್ತೆಯಂದಿರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಶುರುವಿನಲ್ಲೇ ನಿಮ್ಮ ಹೆಸರು, ಕಂಪನಿಯ ಹೆಸರು, ಏನು ಮಾರಲು ಬಂದಿದ್ದೀರಿ ಅನ್ನೋದನ್ನು ಸ್ಪಷ್ಟವಾಗಿ ಹೇಳಿ. ‘ಸುಮ್ನೆ ಚಹಾಕ್ಕೆ ಬರ್ರಿ’ ಅಂತ ಕರೆದು ಕ್ಯಾಟಲಾಗು ತೆಗೆದರೆ ಆ ಓಣಿ ಕೈತಪ್ಪಿತು ಅಂತಲೇ ತಿಳಿಯಿರಿ.

ಭಾಷೆ ಎದುರಿನವರದ್ದು. ಒಂದೇ ಹಾಲ್‌ನಲ್ಲಿ ಕನ್ನಡ, ದಖ್ಖನಿ, ಸೇಡಂ ಕಡೆಯ ತೆಲುಗು, ಆಳಂದ ಕಡೆಯ ಮರಾಠಿ ಎಲ್ಲ ಇರುತ್ತವೆ. ನಾಲ್ಕು ಮಾತು ಆಯಾ ಭಾಷೆಯಲ್ಲಿ ಬಂದರೆ ಸಾಕು. ಡೆಮೋ ಕೂಡ ನಮ್ಮ ಅಡುಗೆಯದ್ದೇ ಆಗಲಿ. ಶೇಂಗಾ ಹಿಂಡಿ ಎರಡು ವಾರ ಮೆತ್ತಗಾಗದೆ ಇರುತ್ತದಾ, ರೊಟ್ಟಿ ಬುತ್ತಿ ಕಟ್ಟಿದರೆ ಬೆವರುತ್ತದಾ, ತೊಗರಿಬೇಳೆ ಡಬ್ಬಿಗೆ ಹುಳ ಬರುತ್ತದಾ. ಇದನ್ನು ನೀವು ಮನೆಯಲ್ಲಿ ಮಾಡಿ ನೋಡಿದ್ದರೆ ಮಾತ್ರ ಹೇಳಿ. ನೋಡಿಲ್ಲದಿದ್ದರೆ ಹೇಳಬೇಡಿ.

ಚಹಾ ಕೊನೆಗೆ ಕೊಡಿ. ಆರ್ಡರ್ ಬರೆಯುವುದು ಚಹಾದ ಜೊತೆ ಆಗಲಿ. ಮೊದಲೇ ಚಹಾ ಕೊಟ್ಟರೆ ಅರ್ಧ ಜನ ಎದ್ದು ಹೋಗುತ್ತಾರೆ. ಹತ್ತಾರು ಪಾರ್ಟಿಗಳಲ್ಲಿ ಕಂಡ ಮೇಲೆ ಹೇಳುತ್ತಿರುವ ಮಾತು ಇದು.

ಸಾಮಾನ್ಯ ತಪ್ಪು: ನಾಲ್ಕರಲ್ಲಿ ಒಂದು ಪಾರ್ಟಿಗೆ ಮೂರೇ ಜನ ಬಂದಾಗ ರದ್ದು ಮಾಡುವುದು. ಹಾಗೆ ಮಾಡದೆ ಪಾರ್ಟಿ ನಡೆಸಿ. ಮೂವರ ಜೊತೆ ನೆಲದ ಮೇಲೆ ಚಾಪೆ ಹಾಕಿ ಕೂತು ಮಾತಾಡಿ. ಮನೆಯಾಕೆ ತನ್ನ ಮನೆಗೆ ಜನ ಬರಲಿಲ್ಲ ಅಂತ ನೊಂದಿರುತ್ತಾಳೆ. ಆ ಹೊತ್ತಿನಲ್ಲಿ ನೀವು ಮುಖ ಸಪ್ಪೆ ಮಾಡದೆ ಇದ್ದದ್ದನ್ನು ಆಕೆ ಮರೆಯುವುದಿಲ್ಲ.

ಹಂತ 7: ಈಗ ಕೇಳಿ, ಒಂದೇ ಸಲ

ನಾಲ್ಕು ಪಾರ್ಟಿಯಲ್ಲಿ ಯಾರೋ ಒಬ್ಬರು ತಾವಾಗಿಯೇ ಏನೋ ಕೇಳಿರುತ್ತಾರೆ. ‘ಇದರಾಗ ನಿಮಗೆಷ್ಟು ಉಳೀತದ?’ ‘ಆರ್ಡರ್ ಹೆಂಗ ಹಾಕ್ತೀರಿ?’ ಅಂಥವರ ಹೆಸರಿಗೆ ಗುರುತು ಹಾಕಿ. ಕೇಳಬೇಕಾದದ್ದು ಅವರನ್ನು. ಹೊಸ ಮುಖ ಹುಡುಕಬೇಡಿ.

ಒಬ್ಬರೇ ಇರುವಾಗ, ಅವರ ಮನೆಯಲ್ಲಿ, ಹಗಲಿನಲ್ಲಿ ಕೇಳಿ. ಹೀಗೆ ಹೇಳಬಹುದು: ‘ಅಕ್ಕಾ, ಅವತ್ತು ನೀವು ಕೇಳಿದ್ರಲ್ಲ, ಲೆಕ್ಕ ತಂದೀನಿ. ಹೋದ ತಿಂಗಳು ನನಗ ಉಳಿದದ್ದು ಇಷ್ಟು. ತಾಸು ಇಷ್ಟು ಹಿಡೀತು. ಆಗಿ ಬರ್ತದ ಅನ್ನಿಸಿದ್ರ ಹೇಳ್ರಿ, ಇಲ್ಲಂದ್ರ ಗಿರಾಕಿ ಆಗೇ ಇರ್ರಿ, ನನಗ ಎರಡೂ ಖುಷಿನೇ.’ ಕೊನೆಯ ಮಾತು ನಿಜವಾಗಿರಬೇಕು. ಮನಸ್ಸಿನಲ್ಲಿ ಅದು ಇನ್ನೂ ನಿಜವಾಗಿಲ್ಲ ಅಂದರೆ ಇನ್ನೆರಡು ಪಾರ್ಟಿ ಮಾಡಿ ಆಮೇಲೆ ಬನ್ನಿ.

ನೋಟ್‌ಬುಕ್ಕಿನ ಎಡಗಡೆ ಪುಟವನ್ನು ತೆರೆದು ತೋರಿಸಿ. ಗಂಟೆಗೆ 86 ರೂಪಾಯಿ ಅಂತ ನೋಡಿ ಆಕೆ ಬೇಡ ಅಂದರೆ ಒಳ್ಳೆಯದೇ ಆಯಿತು. ಎರಡು ತಿಂಗಳಾದ ಮೇಲೆ ಆಕೆ ಬಿಟ್ಟುಹೋಗುವ ನೋವು ಇವತ್ತೇ ತಪ್ಪಿತು. ಅದನ್ನು ನೋಡಿಯೂ ಬರುವಾಕೆ ನಿಲ್ಲುತ್ತಾಳೆ.

ಗುರಿಯನ್ನೂ ಬದಲಿಸಿ. ‘ಈ ತಿಂಗಳು ಇಬ್ಬರು ಸೇರಬೇಕು’ ಅಂತ ಬರೆಯಬೇಡಿ. ‘ಈ ತಿಂಗಳು ನಾಲ್ವರನ್ನು ಸರಿಯಾಗಿ ಕೇಳುತ್ತೇನೆ’ ಅಂತ ಬರೆಯಿರಿ. ನಾಲ್ವರೂ ಬೇಡ ಅಂದರೂ ನಿಮ್ಮ ತಿಂಗಳ ಕೆಲಸ ಪೂರ್ತಿ ಆಯಿತು. ಪುಟಕ್ಕೆ ಟಿಕ್ ಹಾಕಿ. ಬೇಡ ಅಂದವರನ್ನು ಮತ್ತೆ ಕೇಳುವುದಾದರೆ ಒಂದು ಸುಗ್ಗಿ ದಾಟಲಿ, ಅದೂ ಅವರೇ ಮಾತು ತೆಗೆದರೆ.

ಹಂತ 8: ಸೇರಿದವರು ಬಿಟ್ಟು ಹೋದಾಗ

ಇದು ‘ಇಲ್ಲ’ಕ್ಕಿಂತ ಹೆಚ್ಚು ನೋಯಿಸುತ್ತದೆ. ಆಕೆಗೆ ನೀವೇ ಕಲಿಸಿರುತ್ತೀರಿ, ಜೊತೆಗೆ ಓಡಾಡಿರುತ್ತೀರಿ. ಆಕೆ ಹೇಳುವ ಮುಂಚೆಯೇ ಗುರುತು ಸಿಗುತ್ತದೆ: ಆರ್ಡರ್ ತಡವಾಗುತ್ತದೆ, ಮೀಟಿಂಗಿಗೆ ಬರುವುದಿಲ್ಲ, ನಿಮ್ಮ ಫೋನ್ ಬಂದಾಗ ಮಗುವಿನ ಕೈಗೆ ಕೊಡುತ್ತಾಳೆ. ಆಗ ನೀವೇ ಹೋಗಿ ‘ಬಿಡೋದಿದ್ದರ ಬಿಡ್ರಿ, ನನಗ ಸಿಟ್ಟಿಲ್ಲ’ ಅಂತ ಹೇಳಿ. ಆಕೆಯ ಕರಾರು ತೆಗೆದು ವಾಪಸ್ ಕೊಡುವ ದಿನ ಇನ್ನೂ ಇದೆಯಾ ನೋಡಿ. ಉಳಿದ ಸಾಮಾನಿನ ಪಟ್ಟಿ ಮಾಡಲು ಜೊತೆಗೆ ಕೂರಿ. ಬಾಕಿ ಆರ್ಡರುಗಳನ್ನು ನೀವು ತಲುಪಿಸಿ, ಅದರ ಲಾಭ ಆಕೆಗೇ ಕೊಡಿ.

ಆ ದಿನ ಇನ್ನೊಬ್ಬರನ್ನು ಕೇಳಲು ಹೋಗಬೇಡಿ. ಹಂತ 1ಕ್ಕೆ ವಾಪಸ್ ಬನ್ನಿ, ಮತ್ತೆ ಮೂರು ದಿನ.

ಹಂತ 9: 90ನೇ ದಿನ ಕೂತು ನಿರ್ಧಾರ ಮಾಡಿ

ಶುರು ಮಾಡಿದ ದಿನದಿಂದ 90 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆ ದಿನ ಟೀಮಿನ ಹೊರಗಿನ ಆ ಒಬ್ಬರನ್ನು ಕರೆದು ಪುಸ್ತಕ ಅವರ ಕೈಗೆ ಕೊಡಿ. ಮೂರು ಸಂಖ್ಯೆ ನೋಡಲು ಹೇಳಿ: ಗಂಟೆಗೆ ಉಳಿದದ್ದು, ಮನೆಯಲ್ಲಿ ಉಳಿದ ಸಾಮಾನಿನ ಬೆಲೆ, ವಸೂಲಾಗದ ಉದ್ರಿ.

ಮೊದಲನೆಯದು ಏರಿ ಉಳಿದೆರಡು ಇಳಿದಿದ್ದರೆ ಮುಂದುವರಿಯಿರಿ. ಮಾರಾಟ ಚೆನ್ನಾಗಿದ್ದು ಸೇರಿಸುವುದು ಮಾತ್ರ ಮನಸ್ಸಿಗೆ ಭಾರವಾಗಿದ್ದರೆ, ಬರೀ ಮಾರಾಟಗಾರಳಾಗಿ ಇರಿ. ಟೀಮ್ ಕಟ್ಟದವರು ಕಡಿಮೆ ಅಂತ ಯಾರಾದರೂ ಅಂದರೆ ನಂಬಬೇಡಿ. ಇಬ್ಬರು ಮಕ್ಕಳ ಟ್ಯೂಷನ್ ಫೀಸನ್ನು ಬರೀ ಪಾರ್ಟಿಗಳಿಂದ ಕಟ್ಟುತ್ತಿರುವವರನ್ನು ನಾನು ಬಲ್ಲೆ.

ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮನೆಯವರಿಂದ ಸಾಲ ಮುಚ್ಚಿಡುತ್ತಿದ್ದೀರಿ ಅಂದರೆ 90 ದಿನ ಕಾಯಬೇಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ತಗೊಳ್ಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಸಾಲದ ಪೂರ್ತಿ ಮೊತ್ತ ಹೇಳಿ. ಅರ್ಧ ಹೇಳಿದರೆ ಉಳಿದರ್ಧ ಇನ್ನೂ ಜಾಸ್ತಿ ಭಾರವಾಗುತ್ತದೆ.

ಬಿಡುವುದಾದರೆ ಕ್ರಮ ಹೀಗೆ. ಮೊದಲು ಸಾಮಾನನ್ನು ಸೀಲ್ ಇರುವುದು, ತೆರೆದದ್ದು ಅಂತ ಎರಡು ರಾಶಿ ಮಾಡಿ ಫೋಟೋ ತೆಗೆಯಿರಿ. ಕರಾರಿನ ವಾಪಸಾತಿ ಭಾಗ ಓದಿ. ಬಿಡುತ್ತೇನೆ, ಇಷ್ಟು ಸಾಮಾನು ವಾಪಸ್ ಮಾಡುತ್ತೇನೆ ಅಂತ ಕಂಪನಿಗೆ ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ. ಅಪ್‌ಲೈನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಬಿಲ್ಲುಗಳ ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಗಿರಾಕಿಗಳ ಬಾಕಿ ಆರ್ಡರ್ ಮುಗಿಸಿ, ಮುಂಗಡ ತಗೊಂಡಿದ್ದರೆ ಮೊದಲು ಅದನ್ನು ಹಿಂದಿರುಗಿಸಿ. ಕಂಪನಿ ಉತ್ತರ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ದೂರಿನ ನಂಬರನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕಿನ ಸಮೇತ ಬರೆದಿಡಿ.